ಸಿಸ್ಕೊ ಸ್ವಿಚ್‌ಗಳ ಪ್ರಿವಿಲೇಜ್ ಲೆವೆಲ್ ವ್ಯವಸ್ಥೆ: ಆರು ವರ್ಷ ಬಳಸಿದ ನಂತರ

ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್ ಕೊಳ್ಳುವಾಗ ನಾವು ಪೋರ್ಟುಗಳು ಎಷ್ಟಿವೆ, ವೇಗ ಎಷ್ಟು, ಪಿಒಇ (ಜಾಲದ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಸೌಲಭ್ಯ) ಇದೆಯೇ, ವಾರಂಟಿ ಎಷ್ಟು ವರ್ಷ ಎಂದೆಲ್ಲ ವಿಚಾರಿಸುತ್ತೇವೆ. ಅದರ ಕಮಾಂಡ್ ಲೈನ್‌ಗೆ, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಜಾಗಕ್ಕೆ, ಲಾಗಿನ್ ಆದವರಲ್ಲಿ ಯಾರು ಏನನ್ನು ನೋಡಬಹುದು, ಯಾರು ಏನನ್ನು ಬದಲಿಸಬಹುದು ಎಂಬುದನ್ನು ನಿರ್ಧರಿಸುವ ವ್ಯವಸ್ಥೆ ಹೇಗಿದೆ ಎಂದು ಕೇಳುವವರು ಬಹಳ ಕಡಿಮೆ. ನಾನು ಕೆಲಸ ಮಾಡುವ ಇಂಜಿನಿಯರಿಂಗ್ ಕಾಲೇಜಿನಲ್ಲಿ 40ಕ್ಕೂ ಹೆಚ್ಚು ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ಗಳಿದ್ದು, ಅವುಗಳ ಹೊಣೆ ಇಬ್ಬರ ಮೇಲಿದೆ. ನಾವಿಬ್ಬರೂ ಇಲ್ಲದ ಹೊತ್ತಿನಲ್ಲಿ ಲ್ಯಾಬ್ ಸಹಾಯಕರೋ ಹಾಸ್ಟೆಲ್ಲಿನ ತಾಂತ್ರಿಕ ಸಿಬ್ಬಂದಿಯೋ ಒಂದು ಪೋರ್ಟನ್ನು ಮುಚ್ಚಿ ತೆರೆಯಬೇಕಾದ ಸಂದರ್ಭ ವಾರಕ್ಕೆರಡು ಸಲವಾದರೂ ಬರುತ್ತದೆ. ಅಷ್ಟು ಸಣ್ಣ ಕೆಲಸಕ್ಕೆ ಇಡೀ ಜಾಲದ ಪಾಸ್‌ವರ್ಡನ್ನು ಅವರ ಕೈಗೆ ಕೊಡುವುದು ಅವರಿಗೂ ಹಿತವಲ್ಲ, ನಮಗೂ ಹಿತವಲ್ಲ. ಈ ಅಗತ್ಯಕ್ಕಾಗಿಯೇ ಇರುವ, ಸಿಸ್ಕೊ ಐಒಎಸ್‌ನ (ಸಿಸ್ಕೊ ಸಾಧನಗಳನ್ನು ನಡೆಸುವ ತಂತ್ರಾಂಶ) ಪ್ರಿವಿಲೇಜ್ ಲೆವೆಲ್ ಎಂಬ ಅಧಿಕಾರದ ಹಂತಗಳ ವ್ಯವಸ್ಥೆಯನ್ನು ಆರು ವರ್ಷ ಬಳಸಿದ ಮೇಲೆ, ಅದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಐಒಎಸ್‌ನಲ್ಲಿ 0ಯಿಂದ 15ರವರೆಗೆ ಒಟ್ಟು 16 ಹಂತಗಳಿವೆ. 0ನೆಯ ಹಂತದಲ್ಲಿ ಇರುವುದು ಡಿಸೇಬಲ್, ಎನೇಬಲ್, ಎಕ್ಸಿಟ್, ಹೆಲ್ಪ್, ಲಾಗ್‌ಔಟ್ ಎಂಬ ಐದೇ ಆಜ್ಞೆಗಳು. ಸಾಮಾನ್ಯವಾಗಿ ಲಾಗಿನ್ ಆದ ಕೂಡಲೇ ನಾವು ನಿಲ್ಲುವುದು 1ನೆಯ ಹಂತದಲ್ಲಿ. ಅಲ್ಲಿ ಪ್ರಾಂಪ್ಟಿನ (ಆಜ್ಞೆ ಬರೆಯುವ ಸಾಲಿನ ಆರಂಭದಲ್ಲಿ ಸಾಧನ ತೋರಿಸುವ ಹೆಸರು) ತುದಿಯಲ್ಲಿ > ಗುರುತು ಇರುತ್ತದೆ, ಪಿಂಗ್ ಮಾಡಿ ಇನ್ನೊಂದು ಸಾಧನ ಸಿಗುತ್ತದೆಯೇ ಎಂದು ನೋಡಬಹುದು, ಸಾಧನದ ಸ್ಥಿತಿ ತೋರಿಸುವ ಹಲವು ಶೋ ಆಜ್ಞೆಗಳನ್ನು ಬಳಸಬಹುದು, ಯಾವುದನ್ನೂ ಬದಲಿಸಲಾಗುವುದಿಲ್ಲ. ಎನೇಬಲ್ ಎಂದು ಬರೆದು ಪಾಸ್‌ವರ್ಡ್ ಕೊಟ್ಟರೆ ನೇರವಾಗಿ 15ಕ್ಕೆ ಏರುತ್ತೇವೆ, ಗುರುತು # ಆಗುತ್ತದೆ, ಆ ಮೇಲೆ ತಡೆಯುವವರಿಲ್ಲ. ನಡುವಿನ 2ರಿಂದ 14ರವರೆಗಿನ 13 ಹಂತಗಳು ಪೆಟ್ಟಿಗೆಯಿಂದ ತೆಗೆದ ಸಾಧನದಲ್ಲಿ ಹೆಸರಿಗೆ ಮಾತ್ರ ಇರುತ್ತವೆ. ನಾವಾಗಿ ಆಜ್ಞೆಗಳನ್ನು ಅಲ್ಲಿಗೆ ತಂದಿಡುವ ತನಕ 7ನೆಯ ಹಂತಕ್ಕೂ 1ನೆಯ ಹಂತಕ್ಕೂ ಅಧಿಕಾರದಲ್ಲಿ ವ್ಯತ್ಯಾಸವಿಲ್ಲ. ಆದರೆ ಪ್ರಾಂಪ್ಟಿನಲ್ಲಿ 7ನೆಯ ಹಂತದವರಿಗೂ # ಗುರುತೇ ಕಾಣುವುದರಿಂದ, ತಮಗೆ ಪೂರ್ಣ ಅಧಿಕಾರವಿದೆ ಎಂದು ಅವರು ಭಾವಿಸುವುದು ಸಹಜ. ತಾನು ಯಾವ ಹಂತದಲ್ಲಿದ್ದೇನೆ ಎಂದು ತಿಳಿಯಲು ಶೋ ಪ್ರಿವಿಲೇಜ್ ಎಂಬ ಆಜ್ಞೆಯನ್ನೇ ಕೇಳಬೇಕು. ಹೊಸದಾಗಿ ಬಂದವರಿಗೆ ನಾನು ಮೊದಲು ಕಲಿಸುವ ಆಜ್ಞೆ ಇದು.

ಬಳಸುವ ಕ್ರಮ ಕಷ್ಟದ್ದಲ್ಲ. ಪ್ರಿವಿಲೇಜ್ ಎಕ್ಸೆಕ್ ಲೆವೆಲ್ 7 ಎಂದು ಬರೆದು ಅದರ ಮುಂದೆ ಆಜ್ಞೆಯ ಹೆಸರನ್ನು ಬರೆದರೆ ಆ ಆಜ್ಞೆ 7ನೆಯ ಹಂತಕ್ಕೆ ಇಳಿಯುತ್ತದೆ. ಯೂಸರ್‌ನೇಮ್ ಜೊತೆಗೆ ಪ್ರಿವಿಲೇಜ್ 7 ಎಂದು ಸೇರಿಸಿದರೆ ಆ ವ್ಯಕ್ತಿ ಲಾಗಿನ್ ಆದೊಡನೆ ಅಲ್ಲಿಗೇ ಬಂದು ನಿಲ್ಲುತ್ತಾನೆ. ಬೇರೆ ಸರ್ವರ್ ಬೇಡ, ಲೈಸೆನ್ಸ್ ಬೇಡ, ಹೆಚ್ಚುವರಿ ಹಣ ಬೇಡ. ನಾಲ್ಕೈದು ಸ್ವಿಚ್ ಇರುವ ಕಚೇರಿಯಲ್ಲಿ ಒಬ್ಬ ಸಹಾಯಕನಿಗೆ ಒಂದೆರಡು ಕೆಲಸ ಒಪ್ಪಿಸಬೇಕಾದರೆ ಇದಕ್ಕಿಂತ ಸರಳವಾದ ದಾರಿಯಿಲ್ಲ, ಮತ್ತು ಆ ಮಟ್ಟಿಗೆ ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ತೊಡಕು ಇರುವುದು ವ್ಯವಸ್ಥೆಯ ಮೂಲ ಕಲ್ಪನೆಯಲ್ಲಿಯೇ. ಇದು ಏಣಿ. ಮೇಲಿನ ಮೆಟ್ಟಿಲಲ್ಲಿ ಇರುವವನಿಗೆ ಕೆಳಗಿನ ಎಲ್ಲ ಮೆಟ್ಟಿಲುಗಳ ಅಧಿಕಾರ ತಾನಾಗಿ ಸಿಗುತ್ತದೆ. 5ನೆಯ ಹಂತಕ್ಕೆ ಕೊಟ್ಟದ್ದನ್ನು 8ನೆಯ ಹಂತದವನಿಗೆ ಕೊಡದೆ ಇರಲು ಸಾಧ್ಯವಿಲ್ಲ. ಆದರೆ ನಮ್ಮ ಕೆಲಸಗಳು ಏಣಿಯಂತೆ ಒಂದರ ಮೇಲೊಂದು ನಿಂತಿರುವುದಿಲ್ಲ, ಪಕ್ಕ ಪಕ್ಕದಲ್ಲಿ ಇರುತ್ತವೆ. ಮದುವೆಮನೆಯಲ್ಲಿ ಉಗ್ರಾಣದ ಬೀಗದಕೈ ಇಟ್ಟುಕೊಂಡವರು ಅಡುಗೆಯವರಿಗಿಂತ ಮೇಲಿನವರೂ ಅಲ್ಲ, ಕೆಳಗಿನವರೂ ಅಲ್ಲ. ಇಬ್ಬರ ಜವಾಬ್ದಾರಿಯೂ ಬೇರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ. ನಮ್ಮಲ್ಲಿಯೂ ಹಾಗೆಯೇ, ಹಾಸ್ಟೆಲ್ಲಿನವರಿಗೆ ಪೋರ್ಟ್ ತೆರೆದು ಮುಚ್ಚುವ ಅಧಿಕಾರ ಬೇಕು, ಭದ್ರತೆಯ ಲೆಕ್ಕ ಪರಿಶೀಲಿಸುವವರಿಗೆ ಆಕ್ಸೆಸ್ ಲಿಸ್ಟ್ (ಯಾವ ಸಂಚಾರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಮತ್ತು ಲಾಗ್ (ಘಟನೆಗಳ ದಾಖಲೆ) ಓದುವ ಅಧಿಕಾರ ಬೇಕು. ಮೊದಲನೆಯವರಿಗೆ ಲಾಗ್ ಕಾಣಬಾರದು, ಎರಡನೆಯವರು ಪೋರ್ಟ್ ಮುಟ್ಟಬಾರದು. ಇವರಿಬ್ಬರಲ್ಲಿ ಯಾರನ್ನು 7ರಲ್ಲಿ ಇಡುವುದು, ಯಾರನ್ನು 8ರಲ್ಲಿ ಇಡುವುದು? ಹೇಗೆ ಇಟ್ಟರೂ ಮೇಲಿದ್ದವರಿಗೆ ಕೆಳಗಿನವರ ಕೆಲಸವೂ ಸೇರಿ ಬರುತ್ತದೆ. 16 ಹಂತಗಳನ್ನು 160 ಮಾಡಿದರೂ ಈ ಕೊರತೆ ನೀಗುವುದಿಲ್ಲ.

ಎರಡನೆಯ ತೊಡಕು ಶೋ ರನ್ನಿಂಗ್-ಕಾನ್ಫಿಗ್ ಎಂಬ, ಸಾಧನದ ಈಗಿನ ಕಾನ್ಫಿಗರೇಶನ್ (ಸೆಟ್ಟಿಂಗ್‌ಗಳ ಪಟ್ಟಿ) ತೋರಿಸುವ, ದಿನಕ್ಕೆ ಹತ್ತು ಸಲ ಬೇಕಾಗುವ ಆಜ್ಞೆಯದು. ಇದನ್ನು 7ನೆಯ ಹಂತಕ್ಕೆ ಇಳಿಸಿಕೊಟ್ಟರೆ ಆಜ್ಞೆ ನಡೆಯುತ್ತದೆ, ಆದರೆ ತೆರೆಯ ಮೇಲೆ ಬರುವುದು ಆ ಹಂತದವರು ಬದಲಿಸಬಲ್ಲ ಸಾಲುಗಳು ಮಾತ್ರ. ಹಾಸ್ಟೆಲ್ಲಿನ ಸಹಾಯಕರು ಮೊದಲ ದಿನ ರಾತ್ರಿ ಫೋನ್ ಮಾಡಿ, "ಸರ್, ಸ್ವಿಚ್ಚಿನಲ್ಲಿ ಏನೂ ಇಲ್ಲ, ಎಲ್ಲ ಅಳಿಸಿಹೋಗಿದೆ" ಎಂದಾಗ ಅವರ ದನಿಯಲ್ಲಿದ್ದ ಗಾಬರಿ ನನಗೆ ಇನ್ನೂ ನೆನಪಿದೆ. ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ), ವಿವರಣೆ, ರೂಟಿಂಗ್ ಯಾವುದೂ ಇಲ್ಲದೆ ಇಂಟರ್ಫೇಸ್‌ಗಳ, ಅಂದರೆ ಪೋರ್ಟುಗಳ, ಹೆಸರುಗಳಷ್ಟೇ ಸಾಲಾಗಿ ಬಂದಿದ್ದವು. ಇದು ದೋಷವಲ್ಲ, ಕೈಪಿಡಿಯಲ್ಲಿ ಬರೆದಿರುವ ನಡವಳಿಕೆಯೇ. ತನಗೆ ಅಧಿಕಾರವಿಲ್ಲದ್ದನ್ನು ತೋರಿಸಬಾರದು ಎಂಬ ತರ್ಕಕ್ಕೂ ಅದು ಸರಿಹೊಂದುತ್ತದೆ. ಆದರೆ ಓದುವ ಅಧಿಕಾರ ಮತ್ತು ಬರೆಯುವ ಅಧಿಕಾರ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದ, ಎಲ್ಲವನ್ನೂ ಓದಲಿ ಏನನ್ನೂ ಮುಟ್ಟದಿರಲಿ ಎಂಬ ಅತ್ಯಂತ ಸಾಮಾನ್ಯವಾದ ಬೇಡಿಕೆಯನ್ನು ಇದು ಸಹಜವಾಗಿ ಪೂರೈಸುವುದಿಲ್ಲ. ಕೆಲವರು ಇದಕ್ಕೆ ಉಪಾಯವಾಗಿ ಶೋ ಸ್ಟಾರ್ಟಪ್-ಕಾನ್ಫಿಗ್ ಆಜ್ಞೆಯನ್ನು ಕೆಳಗೆ ಇಳಿಸಿಕೊಡುತ್ತಾರೆ. ಅದು ಉಳಿಸಿಟ್ಟ ಕಡತವನ್ನು ಇದ್ದ ಹಾಗೆಯೇ ತೋರಿಸುತ್ತದೆ, ಅದರೊಳಗಿನ ಪಾಸ್‌ವರ್ಡ್ ಸಾಲುಗಳನ್ನೂ ಸೇರಿಸಿ. ಆ ಸಾಲುಗಳನ್ನು ನಕಲು ಮಾಡಿಕೊಂಡು ಹೋದವನಿಗೆ 15ನೆಯ ಹಂತ ಎಷ್ಟು ದೂರದಲ್ಲಿದೆ ಎಂಬುದು ಪಾಸ್‌ವರ್ಡನ್ನು ಯಾವ ವಿಧಾನದಲ್ಲಿ ಬಚ್ಚಿಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ.

ಈ ವಿಧಾನಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಹಂತಗಳ ಮೌಲ್ಯವೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಎನೇಬಲ್ ಪಾಸ್‌ವರ್ಡ್ ಎಂಬ ಹಳೆಯ ಆಜ್ಞೆ ಪಾಸ್‌ವರ್ಡನ್ನು ಹಾಗೆಯೇ ಬರೆದಿಡುತ್ತದೆ. ಸರ್ವಿಸ್ ಪಾಸ್‌ವರ್ಡ್-ಎನ್‌ಕ್ರಿಪ್ಷನ್ ಹಾಕಿದರೆ ಅದು ಟೈಪ್ 7 ಆಗುತ್ತದೆ, ಆದರೆ ಟೈಪ್ 7 ಎಂಬುದು ಬಿಡಿಸಲು ಕ್ಷಣ ಸಾಕಾಗುವ ಸುಲಭ ಸಂಕೇತವಷ್ಟೇ. ಭುಜದ ಹಿಂದಿನಿಂದ ಇಣುಕುವವನನ್ನು ತಡೆಯುವುದಕ್ಕಿಂತ ಹೆಚ್ಚಿನ ಉಪಯೋಗ ಅದಕ್ಕಿಲ್ಲ. ಎನೇಬಲ್ ಸೀಕ್ರೆಟ್ ಬಳಸಿದರೆ ಹಳೆಯ ಆವೃತ್ತಿಗಳಲ್ಲಿ ಎಂಡಿ5 ಎಂಬ ಹ್ಯಾಶ್ (ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಸಂಕೇತ) ಆಧಾರದ ಟೈಪ್ 5 ಸಿಗುತ್ತದೆ. ಅದಕ್ಕೆ ಬದಲಾಗಿ ತಂದ ಟೈಪ್ 4 ಉದ್ದೇಶಿಸಿದ್ದಕ್ಕಿಂತ ದುರ್ಬಲವಾಗಿ ರೂಪುಗೊಂಡಿದೆ ಎಂದು ಕಂಪನಿಯೇ 2013ರಲ್ಲಿ ಒಪ್ಪಿಕೊಂಡಿತು. ಈಗ ಇರುವ ಟೈಪ್ 8 ಮತ್ತು ಟೈಪ್ 9 ಎರಡೂ ಗಟ್ಟಿಯಾದವು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಾದ ಎನ್‌ಎಸ್‌ಎ 2022ರ ಫೆಬ್ರವರಿಯಲ್ಲಿ ಹೊರಡಿಸಿದ ಸೂಚನೆಯಲ್ಲಿ ಟೈಪ್ 8 ಬಳಸುವಂತೆ ಹೇಳಿದೆ. ಹಳೆಯ ಕಾನ್ಫಿಗರೇಶನ್‌ಗಳನ್ನು ಸ್ವಿಚ್ಚಿನಿಂದ ಸ್ವಿಚ್ಚಿಗೆ ನಕಲು ಮಾಡುತ್ತ ಬಂದ ಸಂಸ್ಥೆಗಳಲ್ಲಿ ಟೈಪ್ 7ರ ಸಾಲುಗಳು ಇಂದಿಗೂ ಜೀವಂತವಾಗಿ ಇರುತ್ತವೆ; ದಯವಿಟ್ಟು ನಿಮ್ಮದನ್ನು ಒಮ್ಮೆ ತೆರೆದು ನೋಡಿ.

ಮೂರನೆಯ ತೊಡಕನ್ನು ನಾನು ಕೈಪಿಡಿಯನ್ನು ಸರಿಯಾಗಿ ಓದದೆ ಅನುಭವದಿಂದ ಕಲಿತೆ. ಒಂದು ಆಜ್ಞೆಯನ್ನು ಮೇಲಿನ ಹಂತಕ್ಕೆ ಏರಿಸಿದರೆ ಅದರ ಮೊದಲ ಪದಗಳೂ ಅದರ ಜೊತೆಗೇ ಏರುತ್ತವೆ. ಶೋ ಐಪಿ ಆಕ್ಸೆಸ್-ಲಿಸ್ಟ್ಸ್ ಎಂಬುದನ್ನು 15ಕ್ಕೆ ಒಯ್ದರೆ, ಬೇರೆ ಹೇಳದಿದ್ದರೆ ಶೋ ಎಂಬುದೂ ಶೋ ಐಪಿ ಎಂಬುದೂ 15ಕ್ಕೆ ಹೋಗುತ್ತವೆ. ಒಂದು ಸಂಜೆ ನಾನು ಹೀಗೆ ಒಂದೇ ಒಂದು ಸಾಲು ಬರೆದು ಮನೆಗೆ ಹೋದೆ; ಮರುದಿನ ಬೆಳಿಗ್ಗೆ ಕೆಳಹಂತದ ಯಾರಿಗೂ ಯಾವ ಶೋ ಆಜ್ಞೆಯೂ ಸಿಗಲಿಲ್ಲ. ಎನ್‌ಎಸ್‌ಎ ಹಿಂದೆ ಪ್ರಕಟಿಸಿದ ರೂಟರ್ ಭದ್ರತೆಯ ಮಾರ್ಗದರ್ಶಿಯಲ್ಲಿ ಇದಕ್ಕೆ ಮದ್ದು ಇದೆ. ಅದು ಕನೆಕ್ಟ್, ಟೆಲ್‌ನೆಟ್, ಆರ್‌ಲಾಗಿನ್, ಶೋ ಆಕ್ಸೆಸ್-ಲಿಸ್ಟ್ಸ್, ಶೋ ಲಾಗಿಂಗ್ ಮೊದಲಾದವನ್ನು 15ಕ್ಕೆ ಏರಿಸಲು ಹೇಳಿ, ಕೊನೆಯ ಸಾಲಿನಲ್ಲಿ ಶೋ ಐಪಿಯನ್ನು ಮತ್ತೆ 1ಕ್ಕೆ ಇಳಿಸುತ್ತದೆ. ಆ ಕೊನೆಯ ಸಾಲು ಏಕೆ ಇದೆ ಎಂದು ತಿಳಿಯದೆ ಅದನ್ನು ಬಿಟ್ಟು ನಕಲು ಮಾಡಿದರೆ ನನಗಾದದ್ದೇ ಆಗುತ್ತದೆ. ಆ ಪಟ್ಟಿಯಲ್ಲಿ ಟೆಲ್‌ನೆಟ್ ಮತ್ತು ಕನೆಕ್ಟ್ ಇರುವುದಕ್ಕೂ ಒಳ್ಳೆಯ ಕಾರಣವಿದೆ: 1ನೆಯ ಹಂತದವನು ಏನನ್ನೂ ಬದಲಿಸಲಾರ ಎಂಬುದು ನಿಜವಾದರೂ, ಆ ಸ್ವಿಚ್ಚಿನಿಂದ ಹೊರಟು ಜಾಲದ ಇನ್ನೊಂದು ಸಾಧನದ ಬಾಗಿಲು ತಟ್ಟಲು ಅವನಿಗೆ ಅಡ್ಡಿಯಿಲ್ಲ.

ನಮಗೆ ಅತ್ಯಂತ ದುಬಾರಿಯಾದದ್ದು ನಾಲ್ಕನೆಯದು. ಹಾಸ್ಟೆಲ್ಲಿನವರಿಗಾಗಿ 7ನೆಯ ಹಂತಕ್ಕೆ ಕಾನ್ಫಿಗರ್ ಟರ್ಮಿನಲ್, ಇಂಟರ್ಫೇಸ್, ಶಟ್‌ಡೌನ್ ಈ ಮೂರನ್ನು ಕೊಟ್ಟಿದ್ದೆ. ಪ್ರಿವಿಲೇಜ್ ಲೆವೆಲ್‌ಗೆ ಆಜ್ಞೆ ಮಾತ್ರ ಗೊತ್ತು, ಆ ಆಜ್ಞೆ ಯಾವ ಪೋರ್ಟಿನ ಮೇಲೆ ನಡೆಯುತ್ತಿದೆ ಎಂಬುದು ಗೊತ್ತಿಲ್ಲ. ಶಟ್‌ಡೌನ್ ಕೊಟ್ಟರೆ ಎಲ್ಲ ಪೋರ್ಟುಗಳಿಗೂ ಕೊಟ್ಟಂತೆ. ಒಂದು ರಾತ್ರಿ 1/0/4 ಎಂಬ 4ನೆಯ ಪೋರ್ಟನ್ನು ಮುಚ್ಚಬೇಕಿದ್ದವರ ಬೆರಳು ಜಾರಿ 1/0/48 ಆಯಿತು. ನಮ್ಮ ಆ ಕಟ್ಟಡದಲ್ಲಿ 48 ಎಂಬುದು ಮುಖ್ಯ ಕಟ್ಟಡಕ್ಕೆ ಹೋಗುವ ಅಪ್‌ಲಿಂಕ್. ಅವರು ಲಾಗಿನ್ ಆಗಿದ್ದುದೂ ಅದೇ ದಾರಿಯಿಂದ, ಆದ್ದರಿಂದ ಮುಚ್ಚಿದ ಬಾಗಿಲನ್ನು ತೆರೆಯಲು ಅವರಿಗೇ ದಾರಿ ಇಲ್ಲವಾಯಿತು, ಮುನ್ನೂರು ವಿದ್ಯಾರ್ಥಿಗಳಿಗೆ ಪರೀಕ್ಷೆಯ ಹಿಂದಿನ ರಾತ್ರಿ ಇಂಟರ್ನೆಟ್ ಇಲ್ಲವಾಯಿತು. ಕಾನ್ಫಿಗರೇಶನ್ ಉಳಿಸುವ ಅಧಿಕಾರವನ್ನು ಆ ಹಂತಕ್ಕೆ ಕೊಟ್ಟಿರದ ಕಾರಣ, ಸ್ವಿಚ್ಚಿನ ಕರೆಂಟ್ ತೆಗೆದು ಮತ್ತೆ ಹಾಕಿದಾಗ ಹಳೆಯ ಸ್ಥಿತಿ ಮರಳಿ ಬಂದಿತು. ತಪ್ಪು ಆ ಸಹಾಯಕರದ್ದಲ್ಲ. ಜಾರುವ ಬೆರಳಿಗೆ ಅಪ್‌ಲಿಂಕನ್ನು ಎಟುಕುವಂತೆ ಇಟ್ಟವನು ನಾನು. ಅಂದಿನಿಂದ ಕೆಳಹಂತಕ್ಕೆ ಉಳಿಸುವ ಆಜ್ಞೆಯನ್ನು ಎಂದೂ ಕೊಡಬಾರದೆಂದು ನಿಯಮ ಮಾಡಿಕೊಂಡಿದ್ದೇವೆ. ನಾವಿಬ್ಬರು ದೂರದಿಂದ ಕೆಲಸ ಮಾಡುವಾಗಲೂ, ಮೊದಲೇ ಆರ್ಕೈವ್ (ಕಾನ್ಫಿಗರೇಶನ್‌ನ ಪ್ರತಿಗಳನ್ನು ಉಳಿಸಿಡುವ ಸೌಲಭ್ಯ) ಸಿದ್ಧಪಡಿಸಿದ ಸಾಧನಗಳಲ್ಲಿ ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5 ಎಂದು ಬರೆದೇ ಒಳಗೆ ಹೋಗುತ್ತೇವೆ. ಐದು ನಿಮಿಷದೊಳಗೆ ಕಾನ್ಫಿಗರ್ ಕನ್‌ಫರ್ಮ್ ಎನ್ನದಿದ್ದರೆ ಬದಲಾವಣೆ ತಾನಾಗಿ ಹಿಂದಕ್ಕೆ ಹೋಗುತ್ತದೆ.

ಈ ಎಲ್ಲ ಕೊರತೆಗಳಿಗೆ ಐಒಎಸ್‌ನೊಳಗೇ ಉತ್ತರವಿದೆ ಎಂಬುದು ನನಗೆ ತಿಳಿದದ್ದು ತಡವಾಗಿ. 12.3(7)ಟಿ ಆವೃತ್ತಿಯಿಂದ ಬಂದ ಪಾರ್ಸರ್ ವ್ಯೂ ಎಂಬ ವ್ಯವಸ್ಥೆ ಏಣಿಯನ್ನು ಬಿಟ್ಟು ಕೋಣೆಗಳನ್ನು ಕಟ್ಟುತ್ತದೆ. ಒಂದು ವ್ಯೂಗೆ ಹೆಸರಿಟ್ಟು, ಅದಕ್ಕೊಂದು ಸೀಕ್ರೆಟ್ ಕೊಟ್ಟು, ಯಾವ ಆಜ್ಞೆಗಳು ಅದರೊಳಗೆ ಇರಬೇಕು ಎಂದು ಒಂದೊಂದಾಗಿ ಸೇರಿಸಬೇಕು. ಸೇರಿಸದೆ ಇದ್ದದ್ದು ಆ ವ್ಯೂನಲ್ಲಿ ಇರುವುದೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆ ಒತ್ತಿ ಸಹಾಯ ಕೇಳಿದರೂ ಅದು ಪಟ್ಟಿಯಲ್ಲಿ ಬರುವುದಿಲ್ಲ. ಲಾಗ್ ಓದುವವರ ಕೋಣೆ ಬೇರೆ, ಪೋರ್ಟ್ ನೋಡುವವರ ಕೋಣೆ ಬೇರೆ, ಎರಡೂ ಬೇಕಾದವರಿಗೆ ಎರಡನ್ನೂ ಒಳಗೊಂಡ ಸೂಪರ್‌ವ್ಯೂ. ರೂಟ್ ವ್ಯೂ ಬಿಟ್ಟು 15 ವ್ಯೂಗಳವರೆಗೆ ಮಾಡಿಕೊಳ್ಳಬಹುದು, ಕಾಲೇಜಿನಂಥ ಸಂಸ್ಥೆಗೆ ಅದು ಬೇಕಾದಷ್ಟಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಇಲ್ಲಿ ಇಂಟರ್ಫೇಸ್‌ನ ಹೆಸರನ್ನು ಕೊಟ್ಟು, ಈ ಪೋರ್ಟುಗಳು ಮಾತ್ರ ಎಂದು ಹೇಳಲು ಅವಕಾಶವಿದೆ. ಪೋರ್ಟುಗಳನ್ನು ಹೆಸರಿಸುತ್ತ ಹೋಗಬೇಕಾದ್ದರಿಂದ ಬರೆಯುವುದು ಉದ್ದವಾಗುತ್ತದೆ ಎಂಬುದು ನಿಜ, ಆದರೆ ನಮ್ಮ ಹಾಸ್ಟೆಲ್ಲಿನ ವ್ಯೂನಲ್ಲಿ ಈಗ 48ನೆಯ ಪೋರ್ಟ್ ಇಲ್ಲ, ಮತ್ತು ಆ ಒಂದು ಕಾರಣಕ್ಕಾಗಿಯೇ ಆ ಶ್ರಮ ಸಾರ್ಥಕ.

ವ್ಯೂ ಬಳಸಲು ಮೊದಲು ಎಎಎ ನ್ಯೂ-ಮಾಡೆಲ್ ಎಂಬ ಆಜ್ಞೆ ಕೊಡಬೇಕು (ಎಎಎ ಎಂದರೆ ಲಾಗಿನ್, ಅಧಿಕಾರ, ದಾಖಲೆ ಈ ಮೂರನ್ನೂ ನೋಡಿಕೊಳ್ಳುವ ವ್ಯವಸ್ಥೆ), ಮತ್ತು ಇಲ್ಲಿ ಎಚ್ಚರ ತಪ್ಪಬಾರದು. ಆ ಸಾಲು ಬರೆದ ಕೂಡಲೇ ದೂರದಿಂದ ಲಾಗಿನ್ ಆಗುವವರನ್ನು ಸಾಧನ ತನ್ನೊಳಗಿನ ಯೂಸರ್‌ನೇಮ್ ಪಟ್ಟಿಯಲ್ಲಿ ಹುಡುಕತೊಡಗುತ್ತದೆ. ಪಟ್ಟಿ ಖಾಲಿಯಿದ್ದರೆ ಮುಂದಿನ ಲಾಗಿನ್‌ಗೆ ನೀವೇ ಹೊರಗೆ ನಿಲ್ಲುತ್ತೀರಿ. ಮೊದಲು ಸೀಕ್ರೆಟ್ ಸಹಿತ ಒಂದು 15ನೆಯ ಹಂತದ ಯೂಸರ್‌ನೇಮ್ ಮಾಡಿ, ಇರುವ ಸೆಶನ್ ಮುಚ್ಚದೆ ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ ನೋಡಿ, ಅದಾದ ಮೇಲೆಯೇ ಉಳಿಸಿ. ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಬ್ಯಾಗಿನಲ್ಲಿರಲಿ.

ಸಾಧನಗಳ ಸಂಖ್ಯೆ ಹತ್ತನ್ನು ದಾಟಿದರೆ ವ್ಯೂಗಳೂ ಭಾರವಾಗುತ್ತವೆ, ಏಕೆಂದರೆ ಹಂತಗಳಂತೆ ಅವೂ ಪ್ರತಿ ಸ್ವಿಚ್ಚಿನೊಳಗೆ ಬೇರೆ ಬೇರೆಯಾಗಿ ಬರೆದಿರುತ್ತವೆ. ಒಬ್ಬರು ಕೆಲಸ ಬಿಟ್ಟುಹೋದ ದಿನ 40 ಸ್ವಿಚ್‌ಗಳಲ್ಲಿ ಅವರ ಹೆಸರು ಅಳಿಸಬೇಕು. ಅಲ್ಲಿಗೆ ಎಲ್ಲ ಸಾಧನಗಳ ಲಾಗಿನ್ ಮತ್ತು ಅಧಿಕಾರವನ್ನು ಒಂದೇ ಕಡೆಯಿಂದ ನಿರ್ವಹಿಸುವ ಟ್ಯಾಕಾಕ್ಸ್ ಪ್ಲಸ್ ಸರ್ವರ್ ಬೇಕಾಗುತ್ತದೆ. ಟಿಸಿಪಿಯ 49ನೆಯ ಪೋರ್ಟಿನಲ್ಲಿ (ಇದು ಸ್ವಿಚ್ಚಿನ ಪೋರ್ಟ್ ಅಲ್ಲ, ಜಾಲಸಂಪರ್ಕದ ಸಂಖ್ಯೆ) ನಡೆಯುವ ಈ ವಿಧಾನದಲ್ಲಿ, ಟೈಪ್ ಮಾಡಿದ ಪ್ರತಿಯೊಂದು ಆಜ್ಞೆಯನ್ನೂ ನಡೆಸಬಹುದೇ ಎಂದು ಸ್ವಿಚ್ ಸರ್ವರನ್ನು ಕೇಳುವಂತೆ ಮಾಡಬಹುದು, ಯಾರು ಯಾವಾಗ ಏನು ಟೈಪ್ ಮಾಡಿದರು ಎಂಬುದರ ದಾಖಲೆಯೂ ಒಂದೇ ಕಡೆ ಉಳಿಯುತ್ತದೆ. ರೇಡಿಯಸ್ ಎಂಬ ಇಂಥದೇ ಇನ್ನೊಂದು ವಿಧಾನವನ್ನು ಬಳಸುವವರು ಲಾಗಿನ್ ಆಗುವಾಗ ಹಂತವನ್ನು ನಿಗದಿಪಡಿಸಬಹುದೇ ಹೊರತು ಹೀಗೆ ಆಜ್ಞೆಯಿಂದ ಆಜ್ಞೆಗೆ ಕೇಳುವ ಸೌಲಭ್ಯ ಅವರಿಗಿಲ್ಲ. ಹಣ ಕೊಟ್ಟು ಕೊಳ್ಳುವ ಸರ್ವರ್‌ಗಳಿವೆ, ಲಿನಕ್ಸ್ ಮೇಲೆ ನಡೆಯುವ ಟ್ಯಾಕ್ ಪ್ಲಸ್ ಎಂಬ ಉಚಿತ ತಂತ್ರಾಂಶವೂ ಇದೆ; ನಾವು ಎರಡನೆಯದನ್ನು ಬಳಸುತ್ತಿದ್ದೇವೆ ಮತ್ತು ತೃಪ್ತರಾಗಿದ್ದೇವೆ. 2020ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 8907 ಎಂಬ ತಾಂತ್ರಿಕ ದಾಖಲೆ ಟ್ಯಾಕಾಕ್ಸ್ ಪ್ಲಸ್ ವಿಧಾನವನ್ನು ವಿವರಿಸುವಾಗಲೇ ಅದರ ಸಂಕೇತೀಕರಣ ಇಂದಿನ ಕಾಲಕ್ಕೆ ಸಾಲದು ಎಂದು ಹೇಳಿರುವುದರಿಂದ, ಆ ಸಂಚಾರವನ್ನು ವಿದ್ಯಾರ್ಥಿಗಳ ಜಾಲದಿಂದ ಪೂರ್ತಿ ಬೇರೆಯಾದ ವಿಲ್ಯಾನ್‌ನಲ್ಲಿಟ್ಟಿದ್ದೇವೆ. ಸರ್ವರ್ ಕೆಟ್ಟಾಗ ಸ್ಥಳೀಯ ಯೂಸರ್‌ನೇಮ್‌ಗೆ ಹಿಂದಿರುಗುವಂತೆ, ಲಾಗಿನ್ ಮತ್ತು ಅಧಿಕಾರಕ್ಕೆ ಸಂಬಂಧಿಸಿದ ಎಎಎ ಸಾಲುಗಳ ಕೊನೆಯಲ್ಲಿ ಲೋಕಲ್ ಎಂಬ ಪದ ಇರಲೇಬೇಕು.

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ಎಂದು ನೋಡಿದರೆ, ಜುನಿಪರ್ ಕಂಪನಿಯ ಸಾಧನಗಳಲ್ಲಿರುವ ಜುನೋಸ್ ತಂತ್ರಾಂಶ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಸಂಖ್ಯೆಗಳೇ ಇಲ್ಲ; ಸೂಪರ್-ಯೂಸರ್, ಆಪರೇಟರ್, ರೀಡ್-ಓನ್ಲಿ, ಅನ್‌ಆಥರೈಸ್ಡ್ ಎಂಬ ನಾಲ್ಕು ವರ್ಗಗಳು ಸಿದ್ಧವಾಗಿ ಬರುತ್ತವೆ, ಹೊಸ ವರ್ಗ ಮಾಡಿ ಅದಕ್ಕೆ ಯಾವ ಆಜ್ಞೆ ಸಲ್ಲುತ್ತದೆ ಯಾವುದು ಸಲ್ಲದು ಎಂದು ಬರೆಯಬಹುದು. ಮೈಕ್ರೋಟಿಕ್‌ನ ರೂಟರ್ಓಎಸ್‌ನಲ್ಲಿ ರೀಡ್, ರೈಟ್, ಫುಲ್ ಎಂಬ ಮೂರು ಗುಂಪುಗಳಿವೆ, ಹೆಸರುಗಳು ಬಹಳ ಸ್ಪಷ್ಟ. ಆದರೆ ಹೆಸರನ್ನು ನಂಬಿ ಸುಮ್ಮನಾಗಬೇಡಿ, ರೀಡ್ ಗುಂಪಿನಲ್ಲಿ ಸಾಧನವನ್ನು ರೀಬೂಟ್ ಮಾಡುವ ಅಧಿಕಾರವೂ ಸೇರಿಕೊಂಡೇ ಬರುತ್ತದೆ. ಓದುಗನಿಗೆ ಆ ಅಧಿಕಾರ ಏಕೆ ಎಂಬುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಅದನ್ನು ತೆಗೆದ ಹೊಸ ಗುಂಪನ್ನು ಮಾಡಿಕೊಳ್ಳುವುದು ಒಂದು ನಿಮಿಷದ ಕೆಲಸ.

ಪ್ರಿವಿಲೇಜ್ ಲೆವೆಲ್ ಒಂದನ್ನೇ ತೆಗೆದುಕೊಂಡರೆ ನಾನು 5ಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಪಾರ್ಸರ್ ವ್ಯೂ ಸೇರಿಸಿ ನೋಡಿದರೆ ನಾಲ್ಕು. ನಮ್ಮಲ್ಲಿ ಈಗ 2ರಿಂದ 14ರವರೆಗಿನ ಯಾವ ಹಂತವೂ ಬಳಕೆಯಲ್ಲಿಲ್ಲ. ಕೆಳಗಿನವರಿಗೆ ವ್ಯೂ, ನಮ್ಮಿಬ್ಬರಿಗೆ 15, ಇಬ್ಬರಿಗೂ ಬೇರೆ ಬೇರೆ ಹೆಸರು. ಹಂಚಿಕೊಂಡ ಎನೇಬಲ್ ಪಾಸ್‌ವರ್ಡ್‌ನಿಂದ ಏರಿದವರು ಯಾರೆಂದು ಆ ಮೇಲೆ ಪತ್ತೆ ಮಾಡುವುದು ಕಷ್ಟ, ಆದ್ದರಿಂದ ಅದನ್ನು ನಿಲ್ಲಿಸಿದ್ದೇವೆ. ಆರ್ಕೈವ್‌ನೊಳಗಿನ ಲಾಗ್ ಕಾನ್ಫಿಗ್ ಸೌಲಭ್ಯವನ್ನು ಎಲ್ಲ ಸ್ವಿಚ್‌ಗಳಲ್ಲಿ ತೆರೆದಿದ್ದೇವೆ, ಯಾರು ಯಾವ ಸಾಲು ಬದಲಿಸಿದರು ಎಂಬುದು ಸಿಸ್‌ಲಾಗ್ ಎಂಬ ಘಟನೆಗಳ ದಾಖಲೆಗೆ ಹೋಗುತ್ತದೆ. ಅದರಲ್ಲಿ ಹೈಡ್‌ಕೀಸ್ ಹಾಕಲು ಮರೆತರೆ ಪಾಸ್‌ವರ್ಡ್‌ಗಳೂ ಲಾಗಿನಲ್ಲಿ ಬರುತ್ತವೆ. ವೆಬ್ ಪುಟದ ಮೂಲಕ ನಿರ್ವಹಿಸುವ ಸೌಲಭ್ಯವನ್ನು ಪೂರ್ತಿ ಮುಚ್ಚಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ಬಹಿರಂಗವಾದ, ಐಒಎಸ್‌ನ ಹೊಸ ರೂಪವಾದ ಐಒಎಸ್ ಎಕ್ಸ್‌ಇಯ ವೆಬ್ ದೋಷದಲ್ಲಿ, ಲಾಗಿನ್ ಆಗದವನೇ 15ನೆಯ ಹಂತದ ಖಾತೆಯೊಂದನ್ನು ಸೃಷ್ಟಿಸಿಕೊಳ್ಳಬಹುದಾಗಿತ್ತು. ಕಮಾಂಡ್ ಲೈನ್‌ನಲ್ಲಿ ಎಷ್ಟು ಜಾಗರೂಕತೆಯಿಂದ ಹಂತಗಳನ್ನು ಕಟ್ಟಿದರೂ ಪಕ್ಕದ ಆ ಬಾಗಿಲು ತೆರೆದಿದ್ದರೆ ಉಪಯೋಗವಿರಲಿಲ್ಲ.

ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಸಿಸ್ಕೊ ಎಂಬ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಬರೆದದ್ದೆಲ್ಲ ಸಿಗುತ್ತದೆ ಎಂದಲ್ಲ. ಸಣ್ಣ ಕಚೇರಿಗಳಿಗೆಂದು ಬಂದ ಎಸ್‌ಜಿ300 ಶ್ರೇಣಿಯ ಸ್ವಿಚ್‌ಗಳ ತಂತ್ರಾಂಶವೇ ಬೇರೆ. ಅಲ್ಲಿ ಬಳಕೆದಾರರಿಗೆ 1, 7, 15 ಎಂಬ ಮೂರೇ ಹಂತಗಳಿದ್ದು, 1 ಓದುವುದಕ್ಕೆ, 7 ಸೀಮಿತ ಬದಲಾವಣೆಗೆ, 15 ಎಲ್ಲದಕ್ಕೂ ಮೀಸಲಾಗಿವೆ. ಇಬ್ಬರು ಮೂವರು ಇರುವ ಕಚೇರಿಗೆ ಅದು ಸಾಕಾಗುತ್ತಿತ್ತು, ಬೆಲೆಯೂ ಕಡಿಮೆ ಇತ್ತು. ಕ್ಯಾಟಲಿಸ್ಟ್ ಕೊಳ್ಳುವವರು ಬಿಲ್ ಮಾಡಿಸುವ ಮೊದಲು ಆ ಮಾದರಿಯ, ಆ ಲೈಸೆನ್ಸಿನ ತಂತ್ರಾಂಶದಲ್ಲಿ ಪಾರ್ಸರ್ ವ್ಯೂ ಇದೆಯೇ ಎಂದು ಮಾರಾಟಗಾರರಿಂದ ಬರಹದಲ್ಲಿ ಕೇಳಿ ಪಡೆಯಿರಿ, ಡೆಮೊ ಸಾಧನ ತಂದರೆ ಅದರ ಮೇಲೆ ನೀವೇ ಒಂದು ವ್ಯೂ ಮಾಡಿ ನೋಡಿ.